ಪದ ವಿಚಾರ: ‘ಅಡ್ಡಿ ಇಲ್ಲ’ ಅಂದರೆ ಹೊಗಳಿಕೆಯೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಅಡ್ಡಿ’ ಮತ್ತು ಅದರ ಬಂಧುಬಳಗದ ಬಗ್ಗೆ. ಹಾಗಾಗಿ ಉಳಿದ ಪದಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಲ್ಲಿ ಅವುಗಳಿಗಷ್ಟೇ ಉತ್ತರಿಸಿದ್ದೇವೆ.

ಪ್ರಶ್ನೆ: ತವರು ಮೈಸೂರು, ಮದುವೆಯಾಗಿ ಬಂದದ್ದು ಹುಬ್ಬಳ್ಳಿಗೆ. ಏನೇ ಅಡುಗೆ ಮಾಡಿ ‘ಹೇಗಿದೆ ಅತ್ತೆ?’ ಎಂದರೂ ಉತ್ತರ ಒಂದೇ: ‘ಅಡ್ಡಿ ಇಲ್ಲ’. ಇದು ಮೆಚ್ಚುಗೆಯೋ, ಹೇಗೋ ನುಂಗಬಹುದು ಎಂದೋ? (ಹುಬ್ಬಳ್ಳಿ)

ಉತ್ತರ: ಮೆಚ್ಚುಗೆಯೇ, ಧೈರ್ಯವಾಗಿರಿ. ಮೈಸೂರು ಕಡೆಯ ಕಿವಿಗೆ ‘ಅಡ್ಡಿ ಇಲ್ಲ’ ಎಂದರೆ ‘ತಡೆಯೇನೂ ಇಲ್ಲ’ ಎಂದಷ್ಟೇ ಕೇಳಿಸುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಈ ಎರಡು ಪದ ಸೇರಿ ಒಂದು ಗುಣವಾಚಕದ ಕೆಲಸ ಮಾಡುತ್ತವೆ. ‘ಚಲೋ’ ಎನ್ನುವುದಕ್ಕಿಂತ ಅರ್ಧ ಮೆಟ್ಟಿಲು ಕೆಳಗೆ, ‘ನಡೀತದ’ ಎನ್ನುವುದಕ್ಕಿಂತ ಖಂಡಿತ ಮೇಲೆ. ‘ಹುಡುಗಿ ಅಡ್ಡಿ ಇಲ್ಲ, ಶಾಣ್ಯಾ ಅದಾಳ’ ಎಂದರೆ ಮನೆಯವರಿಗೆ ಒಪ್ಪಿಗೆಯಾಗಿದೆ ಎಂದರ್ಥ.

ಧ್ವನಿಯಲ್ಲೇ ಅರ್ಥ ಬದಲಾಗುವ ಮಾತು ಇದು. ‘ಅಡ್ಡಿ’ ಮೇಲೆ ಒತ್ತು ಬಿದ್ದು ‘ಇಲ್ಲ’ ಎಳೆದುಕೊಂಡು ಹೋದರೆ ಹೊಗಳಿಕೆ. ಮಾತು ಚುಟುಕಾಗಿ ನಿಂತು ಹಿಂದೆ ‘ಬಿಡು’ ಸೇರಿದರೆ ‘ಸಾಕು, ದೊಡ್ಡದು ಮಾಡಬೇಡ’. ಇನ್ನು ‘ಅಡ್ಡಿ ಇಲ್ಲಲ್ಲ!’ ಎಂದು ಹುಬ್ಬೇರಿಸಿದರೆ ಇಷ್ಟು ಚೆನ್ನಾಗಿರುತ್ತದೆ ಎಂದು ಅವರು ಎಣಿಸಿರಲಿಲ್ಲ.

ನೀವು ನಿಜವಾಗಿ ಎಚ್ಚರ ವಹಿಸಬೇಕಾದ್ದು ಬಡಿಸುವಾಗ. ‘ಇನ್ನೊಂದು ರೊಟ್ಟಿ ಹಾಕಲೇ?’ ಎಂದಾಗ ಮೈಸೂರಿನವರು ‘ಪರವಾಗಿಲ್ಲ’ ಎಂದರೆ ಬೇಡ ಎಂದು. ಹುಬ್ಬಳ್ಳಿಯವರು ‘ಅಡ್ಡಿ ಇಲ್ಲ’ ಎಂದರೆ ಹಾಕಿ ಎಂದು! ಎರಡನ್ನೂ ಒಂದೇ ಎಂದುಕೊಂಡು ರೊಟ್ಟಿ ಬುಟ್ಟಿ ಒಳಗೆ ಒಯ್ದರೆ ಅತಿಥಿ ಅರೆಹೊಟ್ಟೆಯಲ್ಲಿ ಏಳಬೇಕಾಗುತ್ತದೆ. ಕುಂದಾಪುರದ ಕಡೆಯ ‘ಅಡ್ಡಿಲ್ಲೆ’ ಕೂಡ ಒಪ್ಪಿಗೆಯ ಕಡೆಗೇ ವಾಲುತ್ತದೆ.

ಒಂದು ಸೂಕ್ಷ್ಮ ಇದೆ. ಈ ಅರ್ಥ ವಾಕ್ಯದ ಕೊನೆಯಲ್ಲಷ್ಟೇ ಬದುಕುತ್ತದೆ. ‘ಪಲ್ಯ ಅಡ್ಡಿ ಇಲ್ಲ’ ಸರಿ. ಅದನ್ನೇ ‘ಅಡ್ಡಿ ಇಲ್ಲದ ಪಲ್ಯ’ ಎಂದರೆ ಕೇಳಿದವರು ಕಕ್ಕಾಬಿಕ್ಕಿಯಾಗುತ್ತಾರೆ. ನಾಮಪದಕ್ಕಿಂತ ಮೊದಲು ಬಂದ ಕೂಡಲೇ ಅದು ‘ತಡೆಯಿಲ್ಲದ’ ಎಂಬ ಮೂಲಾರ್ಥಕ್ಕೆ ಮರಳಿಬಿಡುತ್ತದೆ.

ಪ್ರಶ್ನೆ: ‘ಪರವಾಗಿಲ್ಲ’ದಲ್ಲಿ ಇರುವ ‘ಪರವಾಗಿ’ ಯಾರ ಪರ? (ತುಮಕೂರು)

ಉತ್ತರ: ಯಾರ ಪರವೂ ಅಲ್ಲ. ಅದು ಫಾರಸಿಯಿಂದ ಬಂದ ‘ಪರ್ವಾ’, ಅಂದರೆ ಚಿಂತೆ, ಲೆಕ್ಕಿಸುವಿಕೆ. ‘ಪರವಾ ಇಲ್ಲ’ ಎಂಬುದು ‘ಪರವಾಯಿಲ್ಲ’ ಆಗಿ, ಬರೆಯುವವರ ಕೈಯಲ್ಲಿ ಕನ್ನಡದ ‘-ಆಗಿ’ಯ ವೇಷ ತೊಟ್ಟಿತು. ಈಗ ‘ಪರವಾಗಿಲ್ಲ’ವೇ ರೂಢಿ, ತಿದ್ದಬೇಕಾಗಿಲ್ಲ. ಆದರೆ ‘ಈ ತೀರ್ಪು ನಮಗೆ ಪರವಾಗಿಲ್ಲ’ ಎಂದು ಬರೆದರೆ ಓದುಗ ಒಂದು ಕ್ಷಣ ತಡವರಿಸುತ್ತಾನೆ. ಅಲ್ಲಿ ‘ನಮ್ಮ ಪರವಾಗಿ ಬಂದಿಲ್ಲ’ ಎನ್ನಿ.

ಪ್ರಶ್ನೆ: ವರದಿಗಳಲ್ಲಿ ‘ಕೆಲಸಕ್ಕೆ ಅಡ್ಡಿಪಡಿಸಿದರು’, ‘ಕೆಲಸವನ್ನು ಅಡ್ಡಿಪಡಿಸಿದರು’ ಎರಡೂ ಕಾಣುತ್ತವೆ. ಯಾವುದು ಸರಿ? ‘ಪೊಲೀಸರ ಅಡ್ಡಿ’ ಎಂಬ ಶೀರ್ಷಿಕೆಯಲ್ಲಿ ಅಡ್ಡಿ ಮಾಡಿದ್ದು ಯಾರು? (ದಾವಣಗೆರೆ, ಪತ್ರಿಕೋದ್ಯಮ ವಿದ್ಯಾರ್ಥಿ)

ಉತ್ತರ: ‘ಕೆಲಸಕ್ಕೆ’ ಸರಿ. ಅಡ್ಡಿ ಯಾವಾಗಲೂ ಯಾವುದಕ್ಕೋ, ಯಾರಿಗೋ ಆಗುತ್ತದೆ. ಆದ್ದರಿಂದ ಚತುರ್ಥಿ ವಿಭಕ್ತಿ. ಕೆಲಸಕ್ಕೆ ಅಡ್ಡಿ, ಸಭೆಗೆ ಅಡ್ಡಿ, ಓದಿಗೆ ಅಡ್ಡಿ.

ಅನುಮಾನ ಬಂದಾಗ ‘-ಪಡಿಸು’ ತೆಗೆದು ‘ಆಯಿತು’ ಹಾಕಿ ನೋಡಿ. ‘ಕಾರ್ಯಕ್ರಮ ರದ್ದಾಯಿತು’ ಎನ್ನುತ್ತೇವೆ, ಹಾಗಾಗಿ ‘ಕಾರ್ಯಕ್ರಮವನ್ನು ರದ್ದುಪಡಿಸಿದರು’. ‘ಕಾರ್ಯಕ್ರಮಕ್ಕೆ ಅಡ್ಡಿಯಾಯಿತು’ ಎನ್ನುತ್ತೇವೆ, ಹಾಗಾಗಿ ‘ಕಾರ್ಯಕ್ರಮಕ್ಕೆ ಅಡ್ಡಿಪಡಿಸಿದರು’. ಭಾವನೆಯ ಪದಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ: ಮಗುವಿಗೆ ಸಂತೋಷವಾಯಿತು, ಆದರೆ ಮಗುವನ್ನು ಸಂತೋಷಪಡಿಸಿದರು. ‘-ವನ್ನು ಅಡ್ಡಿಪಡಿಸು’ ಎಂಬ ತಪ್ಪು ಹುಟ್ಟಿದ್ದು ಬಹುಶಃ ಇಂಥ ಪದಗಳ ಸಹವಾಸದಿಂದಲೇ. ಇನ್ನೊಂದು ಕಾರಣ ‘ತಡೆ’. ಅದು ತಾನೇ ಕ್ರಿಯಾಪದವೂ ಆಗುವುದರಿಂದ ‘ಕೆಲಸವನ್ನು ತಡೆದರು’ ಸರಿಯಾಗಿಯೇ ಇದೆ. ವರದಿಗಾರರ ಕೈಯಲ್ಲಿ ಎರಡೂ ಬೆರೆತುಹೋಗುತ್ತವೆ.

‘ಅಡ್ಡಿಪಡಿಸು’ ಒಂದೇ ಪದ. ನಡುವೆ ಜಾಗ ಬಿಟ್ಟು ‘ಅಡ್ಡಿ ಪಡಿಸು’ ಎಂದು ಬರೆಯಬೇಡಿ. ‘ತೊಂದರೆಪಡು’, ‘ಕಷ್ಟಪಡು’ ಇದ್ದ ಹಾಗೆ ‘ಅಡ್ಡಿಪಡು’ ಎಂಬುದು ಬಳಕೆಯಲ್ಲಿಲ್ಲ.

ಶೀರ್ಷಿಕೆಯ ವಿಷಯ. ‘ಪೊಲೀಸರ ಅಡ್ಡಿ’ ಎಂದರೆ ಪೊಲೀಸರೇ ಅಡ್ಡಿ ಮಾಡಿದ್ದಾರೆ. ‘ಪೊಲೀಸರಿಗೆ ಅಡ್ಡಿ’ ಎಂದರೆ ಬೇರೆಯವರು ಅವರ ಕೆಲಸಕ್ಕೆ ಅಡ್ಡಬಂದಿದ್ದಾರೆ. ಒಂದು ಪ್ರತ್ಯಯದಲ್ಲಿ ಆರೋಪಿ ಬದಲಾಗುತ್ತಾನೆ. ಅಕ್ಷರ ಉಳಿಸಲು ‘ಪೊಲೀಸ್ ಅಡ್ಡಿ’ ಎಂದು ಹಾಕುವುದಂತೂ ಎರಡಕ್ಕೂ ಬಾಗಿಲು ತೆರೆದಿಟ್ಟಂತೆ.

ಕಾನೂನಿನ ಪುಟಕ್ಕೆ ಬರೆಯುವಾಗ ಇನ್ನಷ್ಟು ಬಿಗಿ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸರ್ಕಾರಿ ನೌಕರನ ಕರ್ತವ್ಯಕ್ಕೆ ಬೇಕೆಂದೇ ಅಡ್ಡಿಪಡಿಸುವುದು 221ನೇ ಕಲಂ: 3 ತಿಂಗಳವರೆಗೆ ಸೆರೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ದಂಡಸಂಹಿತೆಯಲ್ಲಿ ಇದು 186 ಆಗಿತ್ತು. ಕರ್ತವ್ಯ ಮಾಡದಂತೆ ನೌಕರನ ಮೇಲೆ ಕೈಮಾಡಿದರೆ, ಬಲಪ್ರಯೋಗಿಸಿದರೆ ಅದು 132 (ಹಿಂದಿನ 353). ಶಿಕ್ಷೆ 2 ವರ್ಷದವರೆಗೆ. ಎರಡಕ್ಕೂ ‘ಕರ್ತವ್ಯಕ್ಕೆ ಅಡ್ಡಿ’ ಎಂಬ ಒಂದೇ ಶೀರ್ಷಿಕೆ ಬೀಳುತ್ತದೆ. ಕಲಂ ನೋಡಿ, ಹಲ್ಲೆಯ ಆರೋಪವೂ ಇದ್ದರೆ ಹಾಗೆಂದೇ ಬರೆಯಿರಿ. ಹಾದಿಯಲ್ಲಿ ಹೋಗುವವನನ್ನು ಮುಂದೆ ಹೋಗಗೊಡದೆ ನಿಲ್ಲಿಸುವುದು ಮತ್ತೊಂದು ಅಪರಾಧ, 126ನೇ ಕಲಂ. ಅದಕ್ಕೆ ದೂರುಗಳಲ್ಲಿ ಬಳಸುವ ‘ಅಡ್ಡಗಟ್ಟಿ’ ಎಂಬ ಪದ ಹೇಳಿ ಮಾಡಿಸಿದ ಹಾಗಿದೆ. ಅದನ್ನು ‘ಅಡ್ಡಿಪಡಿಸಿ’ ಎಂದು ತಿದ್ದಿ ಕೆಡಿಸಬಾರದು.

ಪ್ರಶ್ನೆ: ಅಡ್ಡಿ, ತಡೆ, ತೊಡಕು, ಅಡಚಣೆ, ವಿಘ್ನ, ಕಂಟಕ. ಇವೆಲ್ಲ ಸಮಾನಾರ್ಥಕ ಪದಗಳೆಂದು ಮಕ್ಕಳಿಗೆ ಬರೆಸುತ್ತೇವೆ. ವ್ಯತ್ಯಾಸ ಹೇಳಿಕೊಡುವ ಸುಲಭ ದಾರಿ ಇದೆಯೇ? (ಶಿವಮೊಗ್ಗ, ಪ್ರೌಢಶಾಲಾ ಶಿಕ್ಷಕಿ)

ಉತ್ತರ: ಇದೆ. ಪದದ ಅರ್ಥ ಕೇಳುವುದಕ್ಕಿಂತ, ಅದು ಹೋಗಬೇಕಾದರೆ ಯಾವ ಕ್ರಿಯಾಪದ ಬೇಕು ಎಂದು ಕೇಳಿ. ಅಡ್ಡಿಯನ್ನು ನಿವಾರಿಸುತ್ತೇವೆ. ತಡೆಯನ್ನು ತೆರವು ಮಾಡುತ್ತೇವೆ. ತೊಡಕನ್ನು ಬಿಡಿಸುತ್ತೇವೆ. ಅಡಚಣೆ ನೀಗುತ್ತದೆ. ಕಂಟಕ ಕಳೆಯುತ್ತದೆ. ‘ತಡೆ ಬಿಡಿಸಿದರು’ ಎಂದರೆ ಕಿವಿಗೆ ಕಸಿವಿಸಿಯಾಗುವುದೇ ಅವು ಒಂದೇ ಅಲ್ಲ ಎಂಬುದಕ್ಕೆ ಸಾಕ್ಷಿ.

ಒಬ್ಬರು ಮನೆ ಕಟ್ಟಿಸಲು ಹೊರಟಿದ್ದಾರೆ ಎಂದುಕೊಳ್ಳಿ. ಪಾಯ ತೆಗೆಯಬೇಕಾದ ಕಡೆಗೇ ಹಳೆಯ ಹುಣಸೆ ಮರವೊಂದು ನಿಂತಿದೆ: ಅದು ಅಡ್ಡಿ. ಮರ ಯಾರ ಮೇಲೂ ಹಗೆ ಸಾಧಿಸುತ್ತಿಲ್ಲ, ದಾರಿಗೆ ಅಡ್ಡವಾಗಿದೆ ಅಷ್ಟೇ. ಪಕ್ಕದ ಸೈಟಿನವರು ಕೋರ್ಟಿಗೆ ಹೋಗಿ ಕೆಲಸ ನಿಲ್ಲಿಸುವ ಆದೇಶ ತಂದರು: ಅದು ತಡೆ. ಇಲ್ಲಿ ಕೆಲಸ ನಿಧಾನವಾಗುವುದಲ್ಲ, ನಿಲ್ಲುತ್ತದೆ, ತಡೆಯುವವರೂ ಇದ್ದಾರೆ. ಖಾತೆಯಲ್ಲಿ ಅಜ್ಜನ ಹೆಸರು, ಕ್ರಯಪತ್ರದಲ್ಲಿ ದೊಡ್ಡಪ್ಪನ ಹೆಸರು, ಪಾಲುಪಟ್ಟಿ ಸಿಗುತ್ತಿಲ್ಲ: ಇದು ತೊಡಕು. ಹೂ ಕಟ್ಟುವ ನಾರು ಗಂಟುಗಂಟಾದರೆ ‘ತೊಡಕಾಗಿದೆ’ ಎನ್ನುತ್ತೇವಲ್ಲ, ಅದೇ ಪದ. ನಾರಿನ ತುದಿ ಹಿಡಿದು ಜಗ್ಗಿದಷ್ಟೂ ಗಂಟು ಬಿಗಿಯಾಗುತ್ತದೆ. ಕುಳಿತು ಒಂದೊಂದೇ ಸುತ್ತು ಹಿಂದಕ್ಕೆ ತೆಗೆಯಬೇಕು. ಕಾಗದಪತ್ರದ ತೊಡಕೂ ಹಾಗೆಯೇ.

ಕೈಯಲ್ಲಿ ದುಡ್ಡಿಲ್ಲದೆ ಸಿಮೆಂಟ್ ತರುವುದು ತಿಂಗಳು ಮುಂದೆ ಹೋಯಿತೇ? ಅದು ಅಡಚಣೆ. ಮರಾಠಿಯಲ್ಲೂ ‘ಅಡಚಣ್’ ಇದೇ ಅರ್ಥದಲ್ಲಿದೆ. ಬೆಳಗಾವಿ, ಧಾರವಾಡದ ಕಡೆ ‘ಸ್ವಲ್ಪ ಅಡಚಣಿ ಐತ್ರಿ’ ಎಂದರೆ ಎದುರಿನವರು ಹಣದ ವಿಷಯ ಎಂದು ತಾವಾಗಿಯೇ ತಿಳಿದುಕೊಳ್ಳುತ್ತಾರೆ. ಸಾಲ ವಾಪಸು ಕೇಳಲು ಬಂದವರಿಗೆ ಈ ಮಾತು ಹೇಳಬಹುದು. ‘ಅಡ್ಡಿ ಇದೆ’ ಎಂದರೆ ಜಗಳವಾದೀತು. ಗುದ್ದಲಿಪೂಜೆಯ ದಿನವೇ ಮಳೆ ಸುರಿದು ಎಲ್ಲ ನಿಂತರೆ ಅದು ವಿಘ್ನ. ಶುಭವೆಂದು ಕೈಗೆತ್ತಿಕೊಂಡ ಕಾರ್ಯಕ್ಕೆ ಬಂದರೆ ಮಾತ್ರ ವಿಘ್ನ. ಕಳ್ಳ ಬೀಗ ಒಡೆಯುವಾಗ ನಾಯಿ ಬೊಗಳಿದರೆ ‘ಕಳ್ಳತನಕ್ಕೆ ವಿಘ್ನ’ ಎಂದು ತಮಾಷೆಗಷ್ಟೇ ಹೇಳಬಹುದು. ಕಂಟಕ ಎಂದರೆ ಮುಳ್ಳು. ಪ್ರಾಣಕ್ಕೋ, ಪದವಿಗೋ, ಮನೆತನಕ್ಕೋ ಅಪಾಯ ತರುವಂಥದ್ದು. ಸಿಮೆಂಟ್ ಬರಲಿಲ್ಲ ಎಂಬುದಕ್ಕೆ ಕಂಟಕ ಅತಿಯಾಯಿತು.

ಮಕ್ಕಳಿಗೆ ಇದೇ ಐದಾರು ಸಂದರ್ಭ ಕೊಟ್ಟು ಪದ ತುಂಬಿಸಲು ಹೇಳಿ. ಒಂದಕ್ಕೆ ಎರಡು ಉತ್ತರ ಬಂದರೆ ಗಾಬರಿಯಾಗಬೇಡಿ: ಮರ ಕಡಿಯಲು ಅನುಮತಿ ಸಿಗದೆ ಹೋದರೆ ಅಡ್ಡಿಯೇ ತೊಡಕಾಗುತ್ತದೆ.

ಪ್ರಶ್ನೆ: ಲಗ್ನಪತ್ರಿಕೆ ಅಚ್ಚು ಹಾಕುವ ಕೆಲಸ ನಮ್ಮದು. ‘ನಿರ್ವಿಘ್ನ’ವೋ ‘ನಿರ್ವಿಗ್ನ’ವೋ? ಗಿರಾಕಿಗಳು ಎರಡನ್ನೂ ಬರೆದು ತರುತ್ತಾರೆ. (ಹಾಸನ)

ಉತ್ತರ: ‘ನಿರ್ವಿಘ್ನ’. ಇಲ್ಲಿ ಮಹಾಪ್ರಾಣ ಘ ಬೇಕೇ ಬೇಕು. ವಿಘ್ನದಲ್ಲಿ ಇರುವುದು ಸಂಸ್ಕೃತದ ‘ಹನ್’, ಅಂದರೆ ಹೊಡೆ, ಕೊಲ್ಲು ಎಂಬ ಧಾತು. ಅದು ಪದದ ಕೊನೆಯಲ್ಲಿ ‘ಘ್ನ’ ಆಗುತ್ತದೆ. ಶತ್ರುಗಳನ್ನು ಕೊಲ್ಲುವವನು ಶತ್ರುಘ್ನ, ಮಾಡಿದ ಉಪಕಾರವನ್ನು ಕೊಂದವನು ಕೃತಘ್ನ, ಜ್ವರವನ್ನು ಹೊಡೆಯುವ ಮದ್ದು ಜ್ವರಘ್ನ. ಹೊಡೆತ ಇರುವ ಕಡೆ ಘ್ನ ಎಂದು ನೆನಪಿಟ್ಟುಕೊಳ್ಳಿ.

ನಗ್ನ, ಮಗ್ನ, ಭಗ್ನ, ಲಗ್ನ ಇವುಗಳಿಗೆ ಆ ಧಾತುವಿನ ಸಂಬಂಧವಿಲ್ಲ; ಅಲ್ಪಪ್ರಾಣ ಗ ಸಾಕು. ಎಡವುವುದು ‘ಉದ್ವಿಗ್ನ’ದಲ್ಲಿ. ವಿಘ್ನವೇ ಅದರೊಳಗಿದೆ ಎಂದುಕೊಂಡು ‘ಉದ್ವಿಘ್ನ ಪರಿಸ್ಥಿತಿ’ ಎಂದು ಬರೆಯುವವರು ಬಹಳ. ಅದು ‘ವಿಜ್’ ಎಂಬ ಬೇರೆಯೇ ಧಾತುವಿನಿಂದ ಬಂದದ್ದು, ನಡುಗು, ಕಳವಳಿಸು ಎಂಬ ಅರ್ಥ, ಉದ್ವೇಗವೂ ಅಲ್ಲಿಯದೇ. ಇನ್ನು ವಂದನಾರ್ಪಣೆಯಲ್ಲಿ ‘ಕೃತಜ್ಞ’ ಹೋಗಿ ‘ಕೃತಘ್ನ’ ಅಚ್ಚಾದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಪ್ರೂಫ್ ನೋಡುವಾಗ ಆ ಒಂದು ಪದವನ್ನು ಬೆರಳಿಟ್ಟು ಓದಿ.

ಹಾಗೆಯೇ, ‘ನಿರ್’ ಎಂಬ ಸಂಸ್ಕೃತದ ಉಪಸರ್ಗವನ್ನು ‘ಅಡ್ಡಿ’ಗೆ ಹಚ್ಚಲಾಗದು. ನಿರ್ವಿಘ್ನ, ನಿರಾತಂಕ ಸರಿ, ‘ನಿರಡ್ಡಿ’ ಇಲ್ಲ. ‘ಅಡ್ಡಿಯಿಲ್ಲದೆ’ ಎನ್ನಬೇಕು. ‘ತಡೆ’ಗೆ ‘ಆಜ್ಞೆ’ ಸೇರಿಸಿ ತಡೆಯಾಜ್ಞೆ ಮಾಡಿಕೊಂಡಿಲ್ಲವೇ ಎಂದು ಕೇಳಬಹುದು. ಮಾಡಿಕೊಂಡಿದ್ದೇವೆ, ವ್ಯಾಕರಣದವರು ಅದನ್ನು ಅರಿಸಮಾಸ (ಕನ್ನಡ, ಸಂಸ್ಕೃತ ಪದಗಳ ಸಲ್ಲದ ಜೋಡಣೆ) ಎಂದರೂ ನ್ಯಾಯಾಲಯ ಅದರಿಂದಲೇ ನಡೆಯುತ್ತಿದೆ.

ಪ್ರಶ್ನೆ: ‘ಅಡ್ಡಿ ಆತಂಕ’ ಎನ್ನುತ್ತೇವೆ. ಅಡ್ಡಿ ಹೊರಗಿನದು, ಆತಂಕ ಮನಸ್ಸಿನದು. ಎರಡೂ ಜೋಡಿಯಾದದ್ದು ಹೇಗೆ? (ಕಾರ್ಕಳ)

ಉತ್ತರ: ಹಳೆಯ ಬಳಕೆಯಲ್ಲಿ ಆತಂಕಕ್ಕೆ ತಡೆ ಎಂಬ ಅರ್ಥವೇ ಪ್ರಬಲ. ‘ಕೆಲಸಕ್ಕೆ ಆತಂಕ ಬಂತು’ ಎಂದರೆ ಕೆಲಸ ನಿಂತಿತು ಎಂದು. ಹಾಗಾಗಿ ‘ಅಡ್ಡಿ ಆತಂಕ’ ಎಂಬುದು ಅಡೆತಡೆ, ತಂಟೆ ತಕರಾರುಗಳ ಹಾಗೆ ಒಂದೇ ಅರ್ಥದ ಎರಡು ಪದ ಸೇರಿದ ಜೋಡುನುಡಿ. ಈಗ ಆತಂಕ ಎಂದರೆ ಕಳವಳ ಎಂಬುದೇ ಮೊದಲು ಹೊಳೆಯುತ್ತದೆ. ‘ನಿರಾತಂಕ’ ಮಾತ್ರ ಎರಡನ್ನೂ ಉಳಿಸಿಕೊಂಡಿದೆ. ‘ಜಾತ್ರೆ ನಿರಾತಂಕವಾಗಿ ನಡೆಯಿತು’ ಎಂದಾಗ ತಡೆಯಿಲ್ಲದೆ, ‘ನಿರಾತಂಕವಾಗಿ ನಿದ್ದೆ ಹೋದ’ ಎಂದಾಗ ಚಿಂತೆಯಿಲ್ಲದೆ.

ಅಡೆತಡೆಯನ್ನು ‘ಅಡತಡೆ’ ಎಂದೋ ಬಿಡಿಸಿ ‘ಅಡೆ ತಡೆ’ ಎಂದೋ ಬರೆಯುವುದು ಬೇಡ.

ಪ್ರಶ್ನೆ: ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ತೊಡಕು ಏನಿದೆ? ಅಂದು ಬಾಡೂಟ, ಸಂಭ್ರಮ. (ಮಂಡ್ಯ)

ಉತ್ತರ: ಗಂಟಿನ ತೊಡಕು ಅಲ್ಲಿಲ್ಲ. ಈ ‘ತೊಡಕು’ವನ್ನು ‘ತೊಡಗು’ ಎಂಬ ಕ್ರಿಯಾಪದದ ಪಕ್ಕದಲ್ಲಿಟ್ಟು ಓದಬೇಕು: ಹೊಸ ವರ್ಷ ತೊಡಗುವುದು, ಆರಂಭ. ‘ವರ್ಷತೊಡಕು’ ಎಂಬ ಇನ್ನೊಂದು ಹೆಸರೂ ಇದನ್ನೇ ಹೇಳುತ್ತದೆ. ಉಚ್ಚಾರದಲ್ಲಿ ಗ ಹೋಗಿ ಕ ಉಳಿದಿರುವುದರಿಂದ ಗೊಂದಲ. ಮಾಂಸದ ಅಂಗಡಿಯ ಮುಂದಿನ ಸಾಲು ನೋಡಿದರೆ ಮೊದಲ ಅರ್ಥವೂ ಸುಳ್ಳಲ್ಲ ಅನ್ನಿಸಬಹುದು.

ಪ್ರಶ್ನೆ: ಅಡ್ಡ, ಅಡ್ಡಿ, ಅಡ್ಡೆ ಒಂದೇ ಬೇರಿನವೇ? ದೇವರಿಗೆ ಅಡ್ಡಬೀಳುವುದು ಭಕ್ತಿಯಾದರೆ, ದಾರಿಗೆ ಅಡ್ಡ ಬೀಳುವುದು ಕಿರುಕುಳ ಹೇಗಾಯಿತು? (ರಾಯಚೂರು)

ಉತ್ತರ: ಅಡ್ಡ ಎಂದರೆ ಉದ್ದಕ್ಕೆ ಎದುರಾದ ದಿಕ್ಕು, ಅಷ್ಟೇ. ಒಳಿತು ಕೆಡುಕು ಅದರಲ್ಲಿಲ್ಲ. ದೇವರೆದುರು ಮೈ ಚಾಚಿ ಮಲಗಿದರೆ ನಮಸ್ಕಾರ, ರಸ್ತೆಯ ಮೇಲೆ ಮರ ಹಾಗೆ ಮಲಗಿದರೆ ತಡೆ. ಬರವಣಿಗೆಯಲ್ಲಿ ಮೊದಲನೆಯದನ್ನು ಕೂಡಿಸಿ (ಅಡ್ಡಬಿದ್ದರು), ಎರಡನೆಯದನ್ನು ಬಿಡಿಸಿ (ಅಡ್ಡ ಬಿದ್ದ ಮರ) ಬರೆದರೆ ಓದಲು ಸಲೀಸು. ಆ ದಿಕ್ಕಿಗೆ ಮುನಿಸು ಸೇರಿಕೊಂಡಾಗ ‘ಅಡ್ಡಗಾಲು’, ಗೌರವ ಸೇರಿದಾಗ ಮಠಾಧೀಶರ ‘ಅಡ್ಡಪಲ್ಲಕ್ಕಿ’. ಕಸುಬು ಕಲಿಯದೆ ಕೈ ಹಾಕುವವನು ‘ಅಡ್ಡಕಸಬಿ’. ಅತ್ತಲೂ ಇತ್ತಲೂ ಹೇಳದ ಮಾತು ‘ಅಡ್ಡಗೋಡೆ ಮೇಲಿಟ್ಟ ದೀಪ’. ಅಡ್ಡಹೆಸರು ನಿಮ್ಮ ಕಡೆ ಮನೆತನದ ಹೆಸರು; ಬೆಂಗಳೂರು ಮೈಸೂರು ಕಡೆ ಗೆಳೆಯರು ಇಟ್ಟ ಹೆಸರು. ಅರ್ಜಿ ತುಂಬುವಾಗ ಇದು ನಿಜಕ್ಕೂ ಅವಾಂತರ ಮಾಡುತ್ತದೆ.

ಅಡ್ಡಿ ಇದೇ ಬೇರಿನದು. ಹೆಗಲ ಮೇಲೆ ಅಡ್ಡಲಾಗಿಟ್ಟು ಎರಡು ತುದಿಗೂ ಹೊರೆ ತೂಗಿಸುವ ಅಡ್ಡೆಯೂ ಇದೇ ಮನೆಯದು. ಜೂಜು ಅಡ್ಡೆ ಮಾತ್ರ ಹೊರಗಿನದು, ಹಿಂದಿಯ ‘ಅಡ್ಡಾ’.

ಪ್ರಶ್ನೆ: ಅಣ್ಣನ ಹೆಸರಿಗೆ ಖಾತೆ ಮಾಡಲು ಒಪ್ಪಿ ಪತ್ರ ಬರೆಯಬೇಕು. ‘ನನಗೆ ಅಡ್ಡಿಯಿಲ್ಲ’ ಎಂದು ಬರೆದರೆ ಸಾಕೇ? (ಚಿತ್ರದುರ್ಗ)

ಉತ್ತರ: ಸಾಲದು. ‘ನನಗೆ ಅಡ್ಡಿಯಿಲ್ಲ’ ಎಂದರೆ ನಿಮ್ಮ ದಾರಿಗೆ ಅಡ್ಡಿ ಇಲ್ಲ ಎಂದೂ ಆಗುತ್ತದೆ. ‘ನನ್ನ ಆಕ್ಷೇಪಣೆ ಇರುವುದಿಲ್ಲ’ ಎನ್ನಿ. ‘ನನ್ನ ಅಭ್ಯಂತರವಿಲ್ಲ’ ಕೂಡ ನಡೆಯುತ್ತದೆ. (ಸಂಸ್ಕೃತದಲ್ಲಿ ಅಭ್ಯಂತರ ಎಂದರೆ ಒಳಭಾಗ, ಕನ್ನಡದಲ್ಲಿ ಅದು ಆಕ್ಷೇಪವಾಗಿದೆ.) ಯಾವುದಕ್ಕೆ ಎಂಬುದನ್ನು ಚತುರ್ಥಿಯಲ್ಲೇ ಕಾಣಿಸಿ: ‘ಇಂಥ ಸಂಖ್ಯೆಯ ಸ್ವತ್ತಿನ ಖಾತೆಯನ್ನು ನನ್ನ ಅಣ್ಣ ಇಂಥವರ ಹೆಸರಿಗೆ ವರ್ಗಾಯಿಸುವುದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ.’ ಸ್ವತ್ತಿನ ಸಂಖ್ಯೆ, ಅಳತೆ, ಚಕ್ಕುಬಂದಿ ಬಿಟ್ಟರೆ ಒಪ್ಪಿದ್ದು ಯಾವ ಸ್ವತ್ತಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ‘ಯಾವುದೇ ತಂಟೆ ತಕರಾರು ಇರುವುದಿಲ್ಲ’ ಎಂಬ ಹಳೆಯ ಸಾಲನ್ನೂ ಸೇರಿಸಬಹುದು. ಆದರೆ ‘ಮುಂದೆಯೂ’ ಎಂದು ಸೇರಿಸುವ ಮೊದಲು ಯೋಚಿಸಿ, ವಕೀಲರನ್ನು ಕೇಳಿ. ಅರಬ್ಬಿಯಲ್ಲಿ ‘ತಕ್ರಾರ್’ ಎಂದರೆ ಮತ್ತೆ ಮತ್ತೆ ಹೇಳುವುದು, ಪುನರಾವರ್ತನೆ. ಜಮೀನಿನ ಜಗಳ ನೋಡಿದವರಿಗೆ ಇದು ವಿಚಿತ್ರ ಅನ್ನಿಸದು.

ಪ್ರಶ್ನೆ: ರಸ್ತೆ ಅಗೆಯುವ ಕಡೆ ಫಲಕಕ್ಕೆ ‘ಅಡ್ಡಿಗಾಗಿ ಕ್ಷಮಿಸಿ’ ಎಂದು ಬರೆಸಲೇ? ಹರ್ಡಲ್ಸ್‌ಗೆ ಕನ್ನಡ ಪದ ಯಾವುದು? (ಬಳ್ಳಾರಿ)

ಉತ್ತರ: ಫಲಕಕ್ಕೆ ‘ಅಡಚಣೆಗಾಗಿ ಕ್ಷಮಿಸಿ’ ಒಳ್ಳೆಯದು, ಜನರಿಗೆ ಆಗುತ್ತಿರುವುದು ಅನನುಕೂಲ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಮುಂದೆ ರಸ್ತೆ ಇಲ್ಲ, ಎಡಕ್ಕೆ ತಿರುಗಿ’ ಎಂದು ಇರಲಿ. ‘ರಸ್ತೆ ತಡೆ’ ಎಂದು ಮಾತ್ರ ಬರೆಸಬೇಡಿ, ಯಾರೋ ಧರಣಿ ಕೂತಿದ್ದಾರೆ ಎಂದು ಓದಿಕೊಳ್ಳುತ್ತಾರೆ.

ಶಾಲೆಯ ಕ್ರೀಡಾಕೂಟದಲ್ಲಿ ಗೋಣಿಚೀಲ, ಟೈರು, ಏಣಿ ದಾಟಿ ಓಡುವ ಆಟಕ್ಕೆ ‘ಅಡೆತಡೆ ಓಟ’ ಸರಿಯಾದ ಹೆಸರು. ಪುರುಷರ 110 ಮೀಟರ್ ಓಟದಲ್ಲಿ ಇಡುವುದು ಒಂದೇ ಅಳತೆಯ, 1.067 ಮೀಟರ್ ಎತ್ತರದ 10 ಚೌಕಟ್ಟು. ಮಹಿಳೆಯರ 100 ಮೀಟರಿನಲ್ಲೂ 10, ಎತ್ತರ 0.838 ಮೀಟರ್. ಅಲ್ಲಿ ಎಲ್ಲ ಪತ್ರಿಕೆಗಳೂ ಬರೆಯುವ ‘ಹರ್ಡಲ್ಸ್’ ಇರಲಿ. ಎರಡಕ್ಕೂ ಒಂದೇ ಪದವಾದರೆ ಗೋಣಿಚೀಲ ಹಿಡಿದು ಬಂದ ಹುಡುಗ ಯಾವ ಸಾಲಿನಲ್ಲಿ ನಿಲ್ಲಬೇಕು?